ಒಂದು ಮಂಡಲ ಹಾಲಿಲ್ಲದ ಊಟ

ಮೈಸೂರಿನ ನಮ್ಮ ಮನೆಗೆ ದಿನವೂ ಎರಡು ಲೀಟರ್ ಹಾಲು ಬರುತ್ತಿತ್ತು. ಮೊಟ್ಟೆ, ಮೀನು, ಮಾಂಸಗಳನ್ನು ತಲೆಮಾರುಗಳಿಂದ ಕಾಣದ ಈ ಅಡುಗೆಮನೆಯಲ್ಲಿ ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯನ್ನದವರೆಗೆ ಹಾಲು ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಹಾಲು, ಜೇನುತುಪ್ಪ ಸೇರಿದಂತೆ ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನದ ವೀಗನ್ ಆಹಾರ ಸಸ್ಯಾಹಾರಿಗಳಿಗೆ ಒಂದು ಹೆಜ್ಜೆಯಷ್ಟೇ ದೂರ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ನನ್ನ ಅನುಭವ ಹಾಗಿಲ್ಲ. ಹಾಲನ್ನು ಬಿಟ್ಟರೆ ನಮ್ಮ ಊಟದ ಮೊದಲೂ ಹೋಗುತ್ತದೆ, ಕೊನೆಯೂ ಹೋಗುತ್ತದೆ. ಎಲೆಗೆ ಬೀಳುವ ಮೊದಲ ತುಪ್ಪದ ಹನಿ ಇರುವುದಿಲ್ಲ, ಊಟವನ್ನು ಮುಗಿಸುವ ಮೊಸರನ್ನವೂ ಇರುವುದಿಲ್ಲ. ಕಳೆದ ವರ್ಷ ನವೆಂಬರ್ 16ರಿಂದ ಈ ಜನವರಿ 2ರವರೆಗೆ, ಅಂದರೆ ಸರಿಯಾಗಿ 48 ದಿನಗಳ ಒಂದು ಮಂಡಲ, ನಾನು ಹಾಲು, ಮೊಸರು, ಬೆಣ್ಣೆ, ತುಪ್ಪ ಮತ್ತು ಜೇನುತುಪ್ಪಗಳನ್ನು ಬಿಟ್ಟು ಉಂಡೆ. ಅದನ್ನು ಹೇಗೆ ನಡೆಸಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣವಾದದ್ದು ಒಂದು ಕರು. ದಸರೆಯ ರಜೆಯಲ್ಲಿ ಮಂಡ್ಯ ಜಿಲ್ಲೆಯ ನನ್ನ ತವರಿಗೆ ಹೋಗಿದ್ದೆ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಮೂರು ಸೀಮೆಹಸುಗಳನ್ನು ಸಾಕಿದ್ದಾನೆ. ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾನೆ, ಮಕ್ಕಳ ಓದು ಅದರಿಂದಲೇ ನಡೆಯುತ್ತಿದೆ. ಮೂರರಲ್ಲಿ ಒಂದು ಹಸು ಈದು ಹತ್ತು ದಿನಗಳಾಗಿದ್ದವು, ಹುಟ್ಟಿದ್ದು ಗಂಡು ಕರು. ನಾನು ಹೊರಡುವ ದಿನ ಕೊಟ್ಟಿಗೆಯಲ್ಲಿ ಆ ಕರು ಇರಲಿಲ್ಲ, ತಾಯಿ ಮಾತ್ರ ಬಾಗಿಲ ಕಡೆಗೆ ನೋಡುತ್ತಾ ಕೂಗುತ್ತಿತ್ತು. ‘ಅಕ್ಕಾ, ಗಂಡು ಕರುವಿಗೆ ಹಾಲು ಬಿಟ್ಟರೆ ಡೇರಿಗೆ ಏನು ಹಾಕಲಿ?’ ಎಂದು ಅವನು ಕೇಳಿದ. ಅವನನ್ನು ದೂರುವ ಅಧಿಕಾರ ನನಗಿಲ್ಲ, ಏಕೆಂದರೆ ಅವನು ಹಾಕುವ ಹಾಲನ್ನು ಕುಡಿಯುವವಳು ನಾನೇ. ಹಾಲಿಲ್ಲದೆ ಇರಬಲ್ಲೆನೇ ಎಂಬುದನ್ನು ಒಮ್ಮೆಯಾದರೂ ಪರೀಕ್ಷಿಸದೆ ಆ ಹಸುವಿನ ವಿಷಯದಲ್ಲಿ ಮರುಗುವುದು ಸರಿಯಲ್ಲ ಎನ್ನಿಸಿತು.

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಸೇರಿ ಕಟ್ಟಿದ ಸಂಘದಲ್ಲಿ. ಜನವರಿ ತಿಂಗಳ ಮಟ್ಟಿಗೆ ಈ ಆಹಾರವನ್ನು ಪಾಲಿಸುವ ಅಭಿಯಾನವೂ ಅದೇ ದೇಶದಲ್ಲಿ 2014ರಲ್ಲಿ ಆರಂಭವಾಯಿತು. ಆದರೆ ಗೊತ್ತಾದ ಅವಧಿಗೆ ಗೊತ್ತಾದ ಆಹಾರವನ್ನು ಬಿಡುವುದು ನಮ್ಮ ಮನೆಗೆ ಹೊಸ ಸಂಗತಿಯೇನಲ್ಲ. 78 ವರ್ಷದ ನನ್ನ ಅತ್ತೆಯವರು ಇಂದಿಗೂ ಚಾತುರ್ಮಾಸ್ಯವನ್ನು ಆಚರಿಸುತ್ತಾರೆ. ಮೊದಲ ತಿಂಗಳು ತರಕಾರಿ ಇಲ್ಲದ ಶಾಕವ್ರತ, ಎರಡನೆಯದು ಮೊಸರಿಲ್ಲದ ದಧಿವ್ರತ, ಮೂರನೆಯದು ಹಾಲಿಲ್ಲದ ಕ್ಷೀರವ್ರತ, ನಾಲ್ಕನೆಯದು ಬೇಳೆಕಾಳುಗಳಿಲ್ಲದ ದ್ವಿದಳವ್ರತ. ನನ್ನ ಯೋಚನೆಯನ್ನು ಅವರಿಗೆ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಹಾಲು ಬಿಟ್ಟಾಗ ಮೊಸರು ಇರುತ್ತೆ, ಮೊಸರು ಬಿಟ್ಟಾಗ ಹಾಲು ಇರುತ್ತೆ. ನೀನು ಎರಡನ್ನೂ ಒಟ್ಟಿಗೆ ಬಿಡ್ತೀಯಲ್ಲ, ಅನ್ನವನ್ನ ಯಾವುದರಲ್ಲಿ ಮುಗಿಸ್ತೀಯ?’ ಎಂದು ಕೇಳಿದರು. 48 ದಿನಗಳ ನಿಜವಾದ ಕಷ್ಟವನ್ನು ಅವರು ಆ ಒಂದು ಪ್ರಶ್ನೆಯಲ್ಲಿಯೇ ಹೇಳಿಬಿಟ್ಟಿದ್ದರು, ನನಗೆ ಅದು ಅರ್ಥವಾದದ್ದು ಮಾತ್ರ ತಡವಾಗಿ.

ಆರಂಭಿಸುವ ಮೊದಲು ಒಂದು ವಾರ ನನ್ನ ಪಾಲಿನ ಹಾಲನ್ನು ಅಳೆದು ಬರೆದಿಟ್ಟೆ. ಎರಡು ಹೊತ್ತಿನ ಕಾಫಿಗೆ 200 ಮಿಲಿಲೀಟರ್, ಮೊಸರು ಮತ್ತು ಮಜ್ಜಿಗೆಯಲ್ಲಿ ಸುಮಾರು ಅಷ್ಟೇ ಹಾಲಿನ ಅಂಶ, ಜೊತೆಗೆ ಮೂರು ಚಮಚ ತುಪ್ಪ. ಹಸುವಿನ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 3 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇರುತ್ತದೆ. ಹಾಗಾಗಿ ನಾನು ದಿನಕ್ಕೆ ಸುಮಾರು 480 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 13 ಗ್ರಾಂ ಪ್ರೋಟೀನನ್ನು ಬೇರೆ ಕಡೆಯಿಂದ ತರಬೇಕಾಗಿತ್ತು. ಪ್ರೋಟೀನಿನ ಚಿಂತೆ ಬೇಗ ಕಳೆಯಿತು, ಒಂದು ಹಿಡಿ ಕಡಲೆಕಾಯಿ ಬೀಜ ಮತ್ತು ಒಂದು ಬಟ್ಟಲು ಕಾಳಿನ ಹುಳಿ ಅದನ್ನು ತುಂಬಿಸುತ್ತವೆ. ಕ್ಯಾಲ್ಸಿಯಂಗೆ ರಾಗಿಯನ್ನು ನಂಬಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಂದು ದೊಡ್ಡ ಚಮಚ ಎಳ್ಳಿನಲ್ಲಿ ನೂರಕ್ಕೂ ಮಿಕ್ಕಿ ಇದೆ. ಕಾಗದದ ಮೇಲಿನ ಈ ಲೆಕ್ಕವೆಲ್ಲವೂ ಮೈಗೆ ಹತ್ತುವುದಿಲ್ಲ ಎಂಬುದು ನನಗೆ ತಿಳಿದಿತ್ತು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ, ಮೊಳಕೆ ಕಟ್ಟಿದಾಗ ಅಥವಾ ಹುಳಿ ಬರಿಸಿದಾಗ ಆ ಅಂಶ ಕಡಿಮೆಯಾಗುತ್ತದೆ. ಆದುದರಿಂದ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿಸಿಕೊಂಡೆ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಅದರ ಆಕ್ಸಲೇಟಿನ ಕಾರಣದಿಂದ ದೇಹಕ್ಕೆ ದಕ್ಕುವುದು ಅತ್ಯಲ್ಪವಾದ್ದರಿಂದ ಆ ಲೆಕ್ಕಕ್ಕೆ ನುಗ್ಗೆಸೊಪ್ಪನ್ನು ಹೆಚ್ಚಾಗಿ ಬಳಸಿದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬಿ12. ಈ ವಿಟಮಿನ್ ಅನ್ನು ಗಿಡಗಳಾಗಲಿ ಪ್ರಾಣಿಗಳಾಗಲಿ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯಲ್ಲಿರುವ ಅಂಥ ಬ್ಯಾಕ್ಟೀರಿಯಾಗಳಿಂದ ಅದು ಹಾಲಿಗೆ ಬರುತ್ತದೆ. ನಮಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಅಷ್ಟೇ, ಆದರೆ ಅಷ್ಟೂ ಸಿಗದಿದ್ದರೆ ರಕ್ತಹೀನತೆಯಿಂದ ಹಿಡಿದು ನರಗಳ ದೌರ್ಬಲ್ಯದವರೆಗೆ ತೊಂದರೆಗಳು ಬರುತ್ತವೆ. ಆರಂಭಕ್ಕೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿದೆ. ದಿನವೂ ಹಾಲು ಮೊಸರು ತಿನ್ನುತ್ತಿದ್ದ ನನ್ನ ಬಿ12 ಮಿಲಿಲೀಟರಿಗೆ 172 ಪಿಕೋಗ್ರಾಂ ಇತ್ತು, ಪ್ರಯೋಗಾಲಯದ ಕನಿಷ್ಠ ಮಿತಿಗಿಂತಲೂ ಕೆಳಗೆ. ಈ ಪ್ರಯೋಗವನ್ನು ಕೈಗೊಳ್ಳದಿದ್ದರೆ ಆ ಕೊರತೆ ನನಗೆ ತಿಳಿಯುತ್ತಲೇ ಇರಲಿಲ್ಲ. ವೈದ್ಯರು ಮಾತ್ರೆ ಬರೆದುಕೊಟ್ಟರು, ಮೊದಲ ದಿನದಿಂದಲೇ ಅದನ್ನು ತೆಗೆದುಕೊಂಡೆ. ಸೊಪ್ಪಿನಿಂದಲೋ ಇಡ್ಲಿಹಿಟ್ಟಿನ ಹುಳಿಯಿಂದಲೋ ಬಿ12 ಸಾಕಷ್ಟು ಸಿಗುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಅದನ್ನು ನಂಬಬೇಡಿ. ಮಕ್ಕಳು, ಗರ್ಭಿಣಿಯರು, ಹಾಲೂಡುವ ತಾಯಂದಿರು, ಔಷಧಿಯ ಮೇಲಿರುವ ಹಿರಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ನಿಯಮಗಳನ್ನು ಮೊದಲೇ ಬರೆದುಕೊಂಡೆ. ಇದು ಊಟಕ್ಕೆ ಮಾತ್ರ ಸಂಬಂಧಿಸಿದ್ದು. ವೀಗನ್ ಬದುಕನ್ನು ಪೂರ್ತಿಯಾಗಿ ಪಾಲಿಸುವವರು ರೇಷ್ಮೆಯನ್ನೂ ಚರ್ಮದ ವಸ್ತುಗಳನ್ನೂ ಬಿಡುತ್ತಾರೆ, ನಾನು ಬಿಡಲಿಲ್ಲ, ಆದುದರಿಂದ ನನ್ನನ್ನು ವೀಗನ್ ಎಂದು ಕರೆದುಕೊಳ್ಳಲೂ ಇಲ್ಲ. ಮನೆಯ ಉಳಿದವರ ಮೇಲೆ ಇದನ್ನು ಹೇರಬಾರದು, ಅವರಿಗಾಗಿ ಹಾಲು ಕಾಯಿಸುವುದು, ಹೆಪ್ಪು ಹಾಕುವುದು ಎಂದಿನಂತೆ ನಡೆಯಬೇಕು. ತಪ್ಪಿದರೆ ಆ ದಿನವನ್ನು ಪುಸ್ತಕದಲ್ಲಿ ಬರೆದು ಮುಂದುವರಿಯಬೇಕೇ ಹೊರತು ಅಷ್ಟಕ್ಕೇ ಕೈಬಿಡಬಾರದು.

ಮೊದಲು ಎದುರಾದದ್ದು ಕಾಫಿ. ತೆಂಗಿನಕಾಯಿ ಹಾಲನ್ನು ಡಿಕಾಕ್ಷನ್‌ಗೆ ಬೆರೆಸಿದರೆ ಎಣ್ಣೆ ಮೇಲೆ ತೇಲಿತು, ಕಾಯಿಯ ವಾಸನೆ ಕಾಫಿಯ ಪರಿಮಳವನ್ನು ನುಂಗಿತು. ಸೋಯಾ ಹಾಲು ಬಿಸಿ ಡಿಕಾಕ್ಷನ್ ತಾಗಿದೊಡನೆ ಒಡೆಯಿತು. ಹನ್ನೆರಡು ಗೋಡಂಬಿಗಳನ್ನು ನೆನೆಸಿ, ನುಣ್ಣಗೆ ರುಬ್ಬಿ, ಒಂದು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದ ಹಾಲು ಮಾತ್ರ ಚೆನ್ನಾಗಿ ಹೊಂದಿತು, ಅದನ್ನು ಸೋಸುವ ಅಗತ್ಯವೂ ಇಲ್ಲ. ಕುದಿಸಿದರೆ ಗಟ್ಟಿಯಾಗುತ್ತದೆ ಎಂಬುದನ್ನು ನೆನಪಿಡಬೇಕು. ಆದರೆ ಗೋಡಂಬಿಯ ಬೆಲೆ ನೋಡಿದರೆ ದಿನಕ್ಕೆರಡು ಬಾರಿ ಕುಡಿಯುವ ಕಾಫಿಗೆ ಅದು ತಕ್ಕದ್ದಲ್ಲ. ಹತ್ತನೆಯ ದಿನದ ಹೊತ್ತಿಗೆ ನಾನು ಕೊಡಗಿನ ಮನೆಗಳಲ್ಲಿ ಕುಡಿಯುವ ಬೆಲ್ಲದ ಕಪ್ಪು ಕಾಫಿಗೆ ಬಂದೆ. ಚಿಕೋರಿ ಬೆರೆಸದ ಪುಡಿಯನ್ನು ತರಿಸಿ, ಡಿಕಾಕ್ಷನ್ ತೆಳುವಾಗಿ ಇಳಿಸಿಕೊಂಡರೆ ಅದು ಕಹಿಯಾಗುವುದಿಲ್ಲ. ಹಾಲು ಮರೆಮಾಡುತ್ತಿದ್ದ ಕಾಫಿಯ ರುಚಿ ನನಗೆ ಐವತ್ತನೆಯ ವಯಸ್ಸಿನ ಆಸುಪಾಸಿನಲ್ಲಿ ಮೊದಲ ಬಾರಿಗೆ ತಿಳಿಯಿತು.

ಇನ್ನು ಅತ್ತೆಯವರು ಕೇಳಿದ ಪ್ರಶ್ನೆ. ಹುಳಿಯನ್ನ, ಸಾರನ್ನ ಉಂಡ ಮೇಲೆ ತಟ್ಟೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದೆ. ಹೊಟ್ಟೆ ತುಂಬಿದ್ದರೂ ಊಟ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಮೊದಲ ವಾರ ನಿಂಬೆಹುಳಿ ಹಿಂಡಿದ ತಿಳಿಸಾರಿನಲ್ಲಿ ಮುಗಿಸಿದೆ, ಒಂದೆರಡು ದಿನ ಮಲೆನಾಡಿನ ಗೆಳತಿ ಕಳಿಸಿದ್ದ ಅಪ್ಪೆಮಿಡಿಯಿಂದ ಅಪ್ಪೆಹುಳಿ ಮಾಡಿದೆ. ಎರಡೂ ಒಳ್ಳೆಯವೇ, ಆದರೆ ಮೊಸರಿನ ತಂಪು ಅವುಗಳಲ್ಲಿ ಇಲ್ಲ. ಆಗ ಕಡಲೆಕಾಯಿ ಮೊಸರನ್ನು ಮಾಡಲು ಕುಳಿತೆ. ಇದಕ್ಕೆ ನಾನು ಒಟ್ಟು ಐದು ಬಾರಿ ಪ್ರಯತ್ನಿಸಬೇಕಾಯಿತಾದ್ದರಿಂದ ವಿವರವಾಗಿ ಹೇಳುತ್ತೇನೆ.

ಒಂದು ಲೋಟ ಹಸಿ ಕಡಲೆಕಾಯಿ ಬೀಜವನ್ನು ಎಂಟು ಗಂಟೆ ನೆನೆಸಿ, ಕೈಯಿಂದ ಉಜ್ಜಿ ಸಿಪ್ಪೆಯನ್ನು ಪೂರ್ತಿಯಾಗಿ ತೆಗೆಯಬೇಕು. ಸಿಪ್ಪೆ ಉಳಿದರೆ ಮೊಸರಿಗೆ ಒಗರು ಬರುತ್ತದೆ. ಬೀಜ ಹೊಸ ಬೆಳೆಯದ್ದಾಗಿರಬೇಕು. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಡಬ್ಬಿಯಲ್ಲಿದ್ದ ಹಳೆಯ ಬೀಜದ ಕಮಟಿನಿಂದ. ಮೂರು ಲೋಟ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ನುಣ್ಣಗೆ ರುಬ್ಬಿ, ತೆಳುವಾದ ಪಂಚೆಯ ತುಂಡಿನಲ್ಲಿ ಸೋಸಿ ಹಿಂಡಬೇಕು. ಉಳಿಯುವ ಹಿಪ್ಪೆಯನ್ನು ನಾನು ಅಕ್ಕಿರೊಟ್ಟಿಯ ಹಿಟ್ಟಿಗೆ ಸೇರಿಸುತ್ತಿದ್ದೆ. ಸೋಸಿದ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕೈಬಿಡದೆ ತಿರುವುತ್ತಾ ಹತ್ತು ನಿಮಿಷ ಕುದಿಸಬೇಕು, ಏಕೆಂದರೆ ಅದು ಹಸುವಿನ ಹಾಲಿಗಿಂತ ಬೇಗ ತಳ ಹಿಡಿಯುತ್ತದೆ, ಬೇಗ ಉಕ್ಕುತ್ತದೆ. ಬೆರಳು ತಡೆಯುವಷ್ಟು ಬೆಚ್ಚಗಾದ ಮೇಲೆ ಹೆಪ್ಪು ಹಾಕಬೇಕು. ಆದರೆ ಮೊಸರನ್ನೇ ಬಿಟ್ಟಿರುವವರು ಹೆಪ್ಪನ್ನು ಎಲ್ಲಿಂದ ತರಬೇಕು? ಅದಕ್ಕೆ ಹಸಿಮೆಣಸಿನಕಾಯಿಯ ತೊಟ್ಟುಗಳಿವೆ. ಮೊಸರನ್ನು ಕಟ್ಟುವ ಜಾತಿಯ ಬ್ಯಾಕ್ಟೀರಿಯಾಗಳು ಆ ತೊಟ್ಟುಗಳ ಮೇಲೆಯೂ ಇರುತ್ತವೆ. ತೊಳೆದು ಒರೆಸಿದ ಎಂಟು ಹತ್ತು ತೊಟ್ಟುಗಳನ್ನು ಹಾಲಿನಲ್ಲಿ ಮುಳುಗಿಸಿ ಮುಚ್ಚಿಟ್ಟರೆ ಹುಳಿಯಾಗಿ ಒಂದು ಬಗೆಯ ಮೊಸರು ಕಟ್ಟುತ್ತದೆ. ಅದನ್ನು ಊಟಕ್ಕೆ ಬಳಸಬಾರದು, ಅದಕ್ಕೆ ಮೆಣಸಿನಕಾಯಿಯ ಘಾಟು ಇರುತ್ತದೆ. ಅದರಿಂದ ಒಂದು ಚಮಚ ತೆಗೆದು ಮರುದಿನದ ಹೊಸ ಹಾಲಿಗೆ ಹಾಕಿದರೆ ಆಗ ಒಳ್ಳೆಯ ಮೊಸರು ಸಿಗುತ್ತದೆ.

ಮೈಸೂರಿನ ನವೆಂಬರ್ ಚಳಿಯಲ್ಲಿ ನನ್ನ ಎರಡನೆಯ ಮತ್ತು ಮೂರನೆಯ ಪಾತ್ರೆಗಳು ಬೆಳಗಾದರೂ ಹಾಲಾಗಿಯೇ ಉಳಿದಿದ್ದವು. ಅತ್ತೆಯವರು ತಾವೇ ಎದ್ದು ಬಂದು, ನಾಲ್ಕನೆಯ ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟರು. ಹದಿನಾಲ್ಕು ಗಂಟೆಯ ಮೇಲೆ ತೆಗೆದಾಗ ಅದು ಗಟ್ಟಿಯಾಗಿತ್ತು, ಆದರೆ ತಳದಲ್ಲಿ ನೀರು ಬಿಟ್ಟಿತ್ತು. ಐದನೆಯ ಬಾರಿ ಆರು ಗೋಡಂಬಿಗಳನ್ನು ಬೀಜದ ಜೊತೆಗೆ ರುಬ್ಬಿ ಸೇರಿಸಿದೆ, ನೀರನ್ನೂ ಅರ್ಧ ಲೋಟ ಕಡಿಮೆ ಮಾಡಿದೆ. ಅಂದಿನ ಮೊಸರು ಬಿಳಿಯಾಗಿ, ಚಮಚದಲ್ಲಿ ನಿಲ್ಲುವಂತಿತ್ತು. ಕಡಲೆಕಾಯಿಯ ವಾಸನೆ ಸಂಪೂರ್ಣವಾಗಿ ಹೋಗುವುದಿಲ್ಲ, ಹೋಗುತ್ತದೆಂದು ನಾನು ಹೇಳಲಾರೆ. ಬೆಚ್ಚಗಿನ ಮೆತ್ತನೆಯ ಅನ್ನಕ್ಕೆ ಅದನ್ನು ಕಲಸಿ, ಸಾಸಿವೆ, ಇಂಗು, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು ಉಂಡ ಆ ಮಧ್ಯಾಹ್ನ, ಹದಿನೇಳನೆಯ ದಿನ, ನನ್ನ ಊಟ ಮುಗಿಯಿತು ಎಂದು ಪುಸ್ತಕದಲ್ಲಿ ಬರೆದಿದ್ದೇನೆ.

ಉಳಿದ ಅಡುಗೆಯ ವಿಷಯದಲ್ಲಿ ನಾನು ಆರಿಸಿಕೊಂಡ ಕಾಲವೇ ಕೈಹಿಡಿಯಿತು. ಕಾರ್ತಿಕದ ಹೊಸ ಕಡಲೆಕಾಯಿ ಬಂದಿತ್ತು, ಡಿಸೆಂಬರಿಗೆ ಸೊಗಡಿನ ಅವರೆಕಾಯಿ ಸಂತೆಗಿಳಿಯಿತು. ಸಂಜೆ ಅತ್ತೆಯವರೂ ನಾನೂ ಕುಳಿತು ಅವರೆಕಾಳನ್ನು ಹಿತುಕಿ, ತೆಂಗಿನಕಾಯಿ ಮಸಾಲೆ ರುಬ್ಬಿ ಹಾಕಿ ಮಾಡುತ್ತಿದ್ದ ಹಿತಕಿದಬೇಳೆ ಸಾರಿಗೆ ತುಪ್ಪದ ಕೊರತೆ ಕಾಣಲೇ ಇಲ್ಲ. ಮುದ್ದೆ, ಉಪ್ಸಾರು, ಬಸ್ಸಾರು, ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಮತ್ತು ಅಗಸೆಯ ಚಟ್ನಿಪುಡಿ, ಪುಳಿಯೋಗರೆ, ಇವೆಲ್ಲ ಮೊದಲಿನಿಂದಲೂ ಹಾಲಿಲ್ಲದ ಅಡುಗೆಗಳೇ. ಒತ್ತುಶಾವಿಗೆಗೆ ಕಾಯಿಹಾಲು, ಹೆಸರುಬೇಳೆ ಪಾಯಸಕ್ಕೂ ಕಾಯಿಹಾಲು, ಹಬ್ಬಕ್ಕೆ ಗಸಗಸೆ ಪಾಯಸ. ರಾಗಿಯ ಹಾಲುಬಾಯಿಯಲ್ಲಿ ಹೆಸರಿಗೆ ಹಾಲಿದ್ದರೂ ಅದು ರಾಗಿಯನ್ನು ರುಬ್ಬಿ ಸೋಸಿದ ಹಾಲು, ತಟ್ಟೆಗೆ ಸವರುವ ತುಪ್ಪದ ಬದಲು ಕೊಬ್ಬರಿ ಎಣ್ಣೆಯನ್ನು ಸವರಿದೆ. ಧನುರ್ಮಾಸದ ಬೆಳಗಿನ ಹುಗ್ಗಿ ಮಾತ್ರ ತುಪ್ಪವಿಲ್ಲದೆ ಒಣಗಿದಂತಾಯಿತು. ಮೆಣಸು ಜೀರಿಗೆಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಹುರಿದು, ಕೊಬ್ಬರಿಯನ್ನು ಎರಡರಷ್ಟು ಹಾಕಿ, ನೀರು ಹೆಚ್ಚಿಸಿ ತೆಳ್ಳಗೆ ಮಾಡಿದ ಮೇಲೆ ಹುಣಸೆ ಗೊಜ್ಜಿನೊಡನೆ ಸರಿಹೋಯಿತು. ಹಾಗಿದ್ದರೂ ಅದು ತುಪ್ಪದ ಹುಗ್ಗಿಗೆ ಸಮವಲ್ಲ.

ತಪ್ಪುಗಳೂ ಆದವು. ಎರಡನೆಯ ವಾರ ಮಧ್ಯಾಹ್ನ ನಾಲ್ಕಕ್ಕೆ ಕೈಕಾಲು ಸೋತಂತಾಗಿ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಯೋಚಿಸಿದಾಗ ತಿಳಿದದ್ದು, ಮೊಸರು ತುಪ್ಪಗಳನ್ನು ಬಿಟ್ಟ ನಾನು ಅವುಗಳಿಂದ ಬರುತ್ತಿದ್ದ ಶಕ್ತಿಯ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ. ಆ ಹೊತ್ತಿಗೆ ಒಂದು ಎಳ್ಳುಂಡೆ ಅಥವಾ ಒಂದು ಬಟ್ಟಲು ಬೇಯಿಸಿದ ಕಡಲೆಕಾಯಿ ತಿನ್ನತೊಡಗಿದ ಮೇಲೆ ಆಯಾಸ ಹೋಯಿತು. ಮೂರನೆಯ ವಾರ ಅದಕ್ಕೆ ವಿರುದ್ಧವಾದ ತಪ್ಪು ಮಾಡಿದೆ. ಪ್ರೋಟೀನಿನ ಭಯದಿಂದ ಮೂರು ಹೊತ್ತೂ ಕಾಳು ತಿಂದು ಹೊಟ್ಟೆ ಉಬ್ಬರದಿಂದ ಎರಡು ರಾತ್ರಿ ನಿದ್ದೆಗೆಟ್ಟೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿ, ಮೊಳಕೆ ಬರಿಸಿ, ದಿನಕ್ಕೆ ಒಂದೇ ಹೊತ್ತಿಗೆ ಇಳಿಸಿದಾಗ ಸರಿಯಾಯಿತು. ಊಟದ ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ, ಕಾಫಿಗೂ ಊಟಕ್ಕೂ ನಡುವೆ ಒಂದು ಗಂಟೆಯ ಅಂತರ, ಇವೆರಡನ್ನೂ ಕಬ್ಬಿಣಾಂಶದ ದೃಷ್ಟಿಯಿಂದ ಕೊನೆಯವರೆಗೆ ಪಾಲಿಸಿದೆ.

ಅಂಗಡಿಯ ತಿನಿಸುಗಳ ಮೇಲಿನ ಹಸಿರು ಚುಕ್ಕೆ ನಮಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಹಾಲಿನ ಪುಡಿ ಇರುವ ಬಿಸ್ಕತ್ತಿಗೂ ಅದೇ ಚುಕ್ಕೆ ಇರುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಗಳನ್ನು ತಂದು ‘ವಿ’ ಅಕ್ಷರದ ಹಸಿರು ಗುರುತೊಂದನ್ನು ಗೊತ್ತುಮಾಡಿದೆ, ಆದರೆ ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಅದು ಕಂಡದ್ದು ಬಲು ವಿರಳ. ಪೊಟ್ಟಣದ ಹಿಂಬದಿಯನ್ನು ಓದುವುದೇ ದಾರಿ. ಹೋಟೆಲಿನಲ್ಲಿ ‘ವೀಗನ್ ಏನಿದೆ?’ ಎಂದು ಕೇಳುವುದಕ್ಕಿಂತ ‘ತುಪ್ಪ, ಬೆಣ್ಣೆ, ಮೊಸರು ಹಾಕಿದ್ದೀರಾ?’ ಎಂದು ಕೇಳಿದಾಗ ಸ್ಪಷ್ಟವಾದ ಉತ್ತರ ಸಿಕ್ಕಿತು. ರವೆ ಇಡ್ಲಿಗೆ ಮೊಸರು, ಕೇಸರಿಬಾತಿಗೂ ಬಿಸಿಬೇಳೆಬಾತಿಗೂ ತುಪ್ಪ. ಉದ್ದಿನ ಇಡ್ಲಿ, ಚಟ್ನಿ, ಎಣ್ಣೆಯಲ್ಲಿ ಹಾಕಿಸಿದ ಖಾಲಿ ದೋಸೆ, ಚಿತ್ರಾನ್ನಗಳಿಗೆ ಭಯವಿಲ್ಲ.

ಪುಸ್ತಕದಲ್ಲಿ ತಪ್ಪಿದ ದಿನಗಳೆಂದು ಎರಡು ದಾಖಲಾಗಿವೆ. ಒಂದು ಮದುವೆಯ ಊಟದಲ್ಲಿ, ತೊವ್ವೆ ಬಡಿಸಿದ ಹಿಂದೆಯೇ ಅಭಿಘಾರದ ತುಪ್ಪ ಎಲೆಗೆ ಬಿತ್ತು, ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಡಿಸುವವರು ಮುಂದಿನ ಎಲೆಗೆ ಹೋಗಿದ್ದರು. ಅನ್ನವನ್ನು ಚೆಲ್ಲಲು ಮನಸ್ಸಾಗದೆ ಉಂಡೆ. ಇನ್ನೊಂದು ಸುಬ್ರಹ್ಮಣ್ಯ ಷಷ್ಠಿಯ ದಿನ. ಪೂಜೆ ಮುಗಿಸಿದ ಅತ್ತೆಯವರು ಪಂಚಾಮೃತದ ಬಟ್ಟಲು ಹಿಡಿದು ನನ್ನ ಮುಂದೆ ನಿಂತು, ‘ಬೇಡವಾದರೆ ಬೇಡಮ್ಮ, ಕಣ್ಣಿಗೊತ್ತಿಕೊಂಡು ತುಳಸಿಗೆ ಹಾಕಿಬಿಡು’ ಎಂದರು. ನಾನು ಅಂಗೈ ಒಡ್ಡಿ ತೆಗೆದುಕೊಂಡು ಕುಡಿದೆ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ನಾನು ಬಿಟ್ಟಿದ್ದ ಬಹುಪಾಲು ಎಲ್ಲವೂ ಆ ಒಂದು ಉದ್ಧರಣೆಯಲ್ಲಿ ಇದ್ದವು. ಅವರು ನನಗಾಗಿ ರಿಯಾಯಿತಿ ಕೊಟ್ಟ ಮೇಲೆ ಬೇಡವೆನ್ನಲು ನನ್ನಿಂದಾಗಲಿಲ್ಲ. ಅದು ಸರಿಯೋ ತಪ್ಪೋ ಎಂದು ಇಂದಿಗೂ ತೀರ್ಮಾನಿಸಿಲ್ಲ, ಆದರೆ ಲೆಕ್ಕದಲ್ಲಿ ತಪ್ಪೆಂದೇ ಬರೆದಿದ್ದೇನೆ.

ದೇಹದಲ್ಲಿ ದೊಡ್ಡ ಬದಲಾವಣೆಗಳೇನೂ ಆಗಲಿಲ್ಲ. ತೂಕ ಒಂದೂವರೆ ಕಿಲೋ ಇಳಿಯಿತು, ಅದರಲ್ಲಿ ಹೆಚ್ಚಿನದು ಆ ಮೊದಲ ಎರಡು ವಾರಗಳ ಅರೆಹೊಟ್ಟೆಯದೇ ಇರಬೇಕು. ಬೆಳಗಿನ ಕಫ ಕಡಿಮೆಯಾದಂತೆ ಕಂಡಿತು, ಮೊಣಕಾಲಿನ ನೋವು ಇದ್ದ ಹಾಗೆಯೇ ಇತ್ತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಬಿ12 ನಾನೂರನ್ನು ದಾಟಿತ್ತು. ಅದು ಮಾತ್ರೆಯ ಫಲವೇ ಹೊರತು ಊಟದ ಫಲವಲ್ಲ.

ಜನವರಿ 3ರ ಬೆಳಗ್ಗೆ ಹಾಲು ಹಾಕಿದ ಕಾಫಿಯನ್ನು ಕುಡಿದೆ, ಹಾಲಿನ ಸಿಹಿ ಮೊದಲಿಗಿಂತ ಎದ್ದು ಕಂಡಿತು. ಈಗ ಬೆಳಗಿನ ಕಾಫಿಗೆ ಹಾಲು ಬೇಕು, ಸಂಜೆಯದು ಬೆಲ್ಲದ್ದೇ. ಮಧ್ಯಾಹ್ನ ಹಸುವಿನ ಮೊಸರು, ರಾತ್ರಿ ಕಡಲೆಕಾಯಿಯದು. ಮನೆಗೆ ಬರುವ ಹಾಲು ಎರಡು ಲೀಟರಿನಿಂದ ಒಂದೂವರೆಗೆ ಇಳಿದಿದೆ. ಊರಿಗೆ ಹೋದಾಗ ಇದನ್ನು ಹಸು ಸಾಕಿರುವ ಆ ತಮ್ಮನಿಗೆ ಹೇಳಿದೆ, ಅವನು ಬೇಸರಪಟ್ಟುಕೊಳ್ಳದೆ ಎರಡು ಸೇರು ಹೊಸ ಕಡಲೆಕಾಯಿಯನ್ನು ಚೀಲಕ್ಕೆ ಹಾಕಿ ಕಳಿಸಿದ.

ಮೆಣಸಿನಕಾಯಿ ತೊಟ್ಟಿನಿಂದ ಹುಟ್ಟಿದ ಆ ಹೆಪ್ಪನ್ನು ಕೆಡಿಸದೆ ಉಳಿಸಿಕೊಂಡು ಬಂದಿದ್ದೇನೆ. ಚಾತುರ್ಮಾಸ್ಯ ಹತ್ತಿರವಾಗುತ್ತಿರುವಾಗ ಅತ್ತೆಯವರು ಮೊನ್ನೆ ಅದರ ಪಾತ್ರೆಯನ್ನು ತೆರೆದು ನೋಡಿ, ಹಸುವಿನದಲ್ಲದ ಮೊಸರು ದಧಿವ್ರತದ ತಿಂಗಳಲ್ಲಿ ನಡೆಯುತ್ತದೆಯೇ ಎಂದು ಯೋಚಿಸತೊಡಗಿದರು. ನಡೆಯಬಹುದು ಎಂಬುದು ನನ್ನ ಅಭಿಪ್ರಾಯ. ‘ಹೆಸರೇ ಮೊಸರು ಅಂತಿದೆಯಲ್ಲ, ಪುರೋಹಿತರನ್ನ ಒಂದು ಮಾತು ಕೇಳೋಣ’ ಎಂದು ಅವರು ಹೇಳಿದರು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಕಡಲೆಕಾಯಿ ಒಡೆದರೆ ಎರಡು ಬೇಳೆಯಾಗುತ್ತದೆ, ಆದ್ದರಿಂದ ನಾಲ್ಕನೆಯ ತಿಂಗಳಲ್ಲಿ ಅದನ್ನು ಮುಟ್ಟುವ ಹಾಗಿಲ್ಲ.